ತಗಡಿನ ಶೆಡ್ಡು, ತಾಡಪಾಲು ಗುಡ್ಲು: ಚಳಿ ಎಲ್ಲಿಂದ ಬರ್ತೈತೆ ಅಂತ ಹುಡುಕಿ ಸರಿ ಮಾಡೋದು ಹೆಂಗೆ

ಮಳೆಗೆ ಗೋಡೆ ಕುಸಿದು ತಗಡಿನ ಶೆಡ್ಡಲ್ಲೋ ತಾಡಪಾಲು ಗುಡ್ಲಲ್ಲೋ ತಿಂಗಳುಗಟ್ಲೆ ಇರೋದು ಚಿತ್ರದುರ್ಗ ದಾವಣಗೆರೆ ಕಡೆ ಜನಕ್ಕೆ ಹೊಸದಲ್ಲ. 2022ರಲ್ಲಿ ವಾಣಿವಿಲಾಸ ಸಾಗರ 1933 ಆದ್ಮೇಲೆ ಮೊದಲ ಸಲ ಕೋಡಿ ಬಿತ್ತಲ್ಲ, ಆ ವರ್ಷ ಹಿರಿಯೂರು ಚಳ್ಳಕೆರೆ ಕಡೆ ಎಷ್ಟೋ ಹಳೇ ಮಾಳಿಗೆ ಮನೆಗಳು, ಅಂದ್ರೆ ಮಣ್ಣಿನ ಗೋಡೆ ಮಣ್ಣಿನ ಚಾವಣಿ ಮನೆಗಳು, ನೆನೆದು ಕೂತ್ವು. ಹರಿಹರದಲ್ಲಿ ಹೊಳೆ ಏರಿದ್ರೂ ಅಷ್ಟೇ, ದಡದ ಮನೆಯೋರು ಗಂಟುಮೂಟೆ ಕಟ್ಕೊಂಡು ಕಾಳಜಿ ಕೇಂದ್ರ ಸೇರ್ಕೋಬೇಕು. ಮಾಳಿಗೆ ಮನೇಲಿ ಬೆಳೆದೋರಿಗೆ ತಗಡು ಯಾಕಿಷ್ಟು ಕಷ್ಟ ಅಂದ್ರೆ, ಮಣ್ಣಿನ ಗೋಡೆ ಹಗಲಿನ ಬಿಸಿಲು ಹೀರ್ಕೊಂಡು ರಾತ್ರಿಗೆ ನಿಧಾನ ಬಿಡ್ತಿತ್ತು, ತಗಡಿಗೆ ಆ ದಪ್ಪಾನೇ ಇಲ್ಲ, ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ತಣ್ಣಗಾಗುತ್ತೆ, ಮೋಡ ಇಲ್ಲದ ರಾತ್ರಿ ಆದ್ರೆ ಹೊರಗಿನ ಗಾಳಿಗಿಂತಾನೂ ತಣ್ಣಗಾಗುತ್ತೆ.

ಚಳಿ ಅಂದ ತಕ್ಷಣ ಜನ ಮಾಡೋದು ಒಂದೇ, ಇನ್ನೊಂದು ಕಂಬಳಿ ಹುಡುಕೋದು. ಅದಕ್ಕಿಂತ ಮುಂಚೆ ಮೈ ಬಿಸಿ ಯಾವ ದಾರಿಲಿ ಹೋಗ್ತೈತೆ ಅಂತ ನೋಡ್ರಿ. ನೆಲಕ್ಕೆ ಹೋಗ್ತೈತಾ, ಗಾಳಿ ಹೊತ್ಕೊಂಡು ಹೋಗ್ತೈತಾ, ಒದ್ದೆಯಿಂದ ಹೋಗ್ತೈತಾ, ತಣ್ಣನೆ ತಗಡು ಎಳ್ಕೊಳ್ತೈತಾ? ಕಂಬಳಿ ತಾನಾಗಿ ಬಿಸಿ ಕೊಡಲ್ಲ, ಬಿಸಿ ಕೊಡೋದು ನಿಮ್ಮ ಮೈ, ಕಂಬಳಿ ಎಳೆಗಳ ನಡುವೆ ಅಲ್ಲಾಡದೆ ನಿಂತಿರೋ ಒಣ ಗಾಳಿ ಅದನ್ನ ತಡೆದು ಇಟ್ಕೊಳ್ಳುತ್ತೆ. ಹುಲ್ಲು, ಪೇಪರ್ರು, ರಟ್ಟು, ಥರ್ಮಾಕೋಲ್ ಎಲ್ಲದರಲ್ಲೂ ಕೆಲಸ ಮಾಡೋದು ಆ ಗಾಳಿನೇ.

ಶುರು ಮಾಡೋಕೆ ಮುಂಚೆ ಒಂದು ಮಾತು. ಕೆಳಗೆ ಹೇಳೋ ಸಾಮಾನೆಲ್ಲ ಬೆಂಕಿ ಹತ್ತೋವೇ. ಒಲೆ, ಗ್ಯಾಸ್ ಸ್ಟವ್, ದೀಪ, ಮೇಣದಬತ್ತಿ, ಸೊಳ್ಳೆ ಬತ್ತಿ ಯಾವುದೂ ಹುಲ್ಲು ಥರ್ಮಾಕೋಲ್ ಹತ್ರ ಬೇಡ, ಅಡುಗೆ ಹೊರಗೇ ಆಗ್ಲಿ. ಬಾಗಿಲ ಪಕ್ಕ ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಯಾವಾಗ್ಲೂ ಇರ್ಲಿ. ಹೊರಗೆ ಹೋಗೋ ದಾರಿಗೆ ಸಾಮಾನು ಒಟ್ಟಬೇಡ್ರಿ.

ಮೇಲೆ ಎಷ್ಟು ಹೊದ್ದರೂ ಬೆನ್ನು, ಸೊಂಟ, ಭುಜ ತಣ್ಣಗೇ ಇರುತ್ತೆ

ಹತ್ತರಲ್ಲಿ ಎಂಟು ಕಡೆ ತೊಂದರೆ ಇದೇ ಅಂತ ನಾನು ಧೈರ್ಯವಾಗಿ ಹೇಳ್ತೀನಿ, ಅದಕ್ಕೇ ಇದನ್ನ ಮೊದಲು ಇಟ್ಟಿದ್ದು. ರಾತ್ರಿ ಎಚ್ಚರ ಆದಾಗ ಅಂಗೈನ ಬೆನ್ನ ಕೆಳಗೆ, ಹಾಸಿಗೆ ಮತ್ತೆ ನೆಲದ ನಡುವೆ ತೂರಿಸಿ ಸ್ವಲ್ಪ ಹೊತ್ತು ಇಡ್ರಿ. ಕೈ ಕೊರೆಯೋಕೆ ಶುರುವಾದ್ರೆ ಬಿಸಿ ನೆಲಕ್ಕೆ ಹೋಗ್ತೈತೆ ಅಂತ ಅರ್ಥ. ಮೇಲೆ ಹೊದ್ದ ಕಂಬಳಿ ಉಬ್ಬಿರುತ್ತೆ, ಕೆಳಗೆ ಹಾಸಿದ್ದು ಮೈ ಭಾರಕ್ಕೆ ಅಪ್ಪಚ್ಚಿ ಆಗಿ ಒಳಗಿನ ಗಾಳಿ ಎಲ್ಲಾ ಹೊರಗೆ ಹೋಗಿರುತ್ತೆ, ಆಗ ಕೌದಿ ಇದ್ದರೂ ಸಿಮೆಂಟ್ ನೆಲದ ಮೇಲೆ ಮಲಗಿದಂಗೇ. ಮೇಲಿಂದ ಒಂದು ಕಂಬಳಿ ತೆಗೆದು ಕೆಳಗೆ ಹಾಕಿ ಮಲಗಿ ನೋಡ್ರಿ, ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದು, ಅದರಲ್ಲೇ ವಾಸಿ ಅನ್ಸಿದ್ರೆ ದೋಷ ಸಿಕ್ತು.

ಸರಿ ಮಾಡೋಕೆ ಭಾರಕ್ಕೆ ಕುಗ್ಗದ ಸಾಮಾನು ಬೇಕು. ಮಂಚನೋ ಹಲಗೆನೋ ಸಿಕ್ಕಿದ್ರೆ ಮೊದಲು ನೆಲ ಬಿಟ್ಟು ಮೇಲೆ ಏಳ್ರಿ, ಆದ್ರೆ ಮಂಚದ ಕೆಳಗೆ ಗಾಳಿ ಓಡಾಡಿದ್ರೆ ಅಲ್ಲೂ ಬೆನ್ನು ತಣ್ಣಗಾಗುತ್ತೆ, ಮಂಚದ ಮೇಲೂ ರಟ್ಟು ಹಾಸ್ಬೇಕು. ಮಂಚ ಇಲ್ಲ ಅಂದ್ರೆ ನೆಲದ ಮೇಲೆ ಮೊದಲು ಪ್ಲಾಸ್ಟಿಕ್, ನೆಲದ ತೇವ ಮೇಲೆ ಬರದಂಗೆ. ಅದರ ಮೇಲೆ ಕಿರಾಣಿ ಅಂಗಡೀಲಿ ಸಿಗೋ ರಟ್ಟಿನ ಬಾಕ್ಸ್ ಬಿಚ್ಚಿ ನಾಲ್ಕೈದು ಪದರ, ಒಂದರ ಸೇರುವೆ ಮೇಲೆ ಇನ್ನೊಂದರ ಮಧ್ಯ ಭಾಗ ಬರೋ ಹಂಗೆ. ಚನ್ನಗಿರಿ ಕಡೆಯೋರಿಗೆ ಅಡಿಕೆ ಹಾಳೆ ಸಿಗುತ್ತೆ, ಒಣಗಿದ ಹಾಳೆ ಡೊಂಕು ಡೊಂಕಾಗಿ ಇರೋದ್ರಿಂದ ಒಂದರ ಮೇಲೊಂದು ಹಾಕಿದ್ರೆ ನಡುವೆ ಗಾಳಿಗೆ ಜಾಗ ಉಳಿಯುತ್ತೆ, ರಟ್ಟಿನ ಕೆಳಗೆ ಹಾಕೋಕೆ ಇದರಷ್ಟು ಒಳ್ಳೇದು ಕಮ್ಮಿ. ದಾವಣಗೆರೇಲಿ ಮಂಡಕ್ಕಿ ಭಟ್ಟಿ, ಅಂಗಡಿಗಳ ಹತ್ರ ಖಾಲಿ ಚೀಲ ಕೇಳಿದ್ರೆ ಕೊಡ್ತಾರೆ, ಅದರೊಳಗೆ ಒಣ ಬತ್ತದ ಹುಲ್ಲು, ರಾಗಿ ಹುಲ್ಲು, ಇಲ್ಲ ಮೆಕ್ಕೆಜೋಳದ ತೆನೆ ಮೇಲಿನ ಒಣ ಸಿಪ್ಪೆ ತುಂಬಿ ಬಾಯಿ ಹೊಲೀರಿ. ಗಟ್ಟಿಯಾಗಿ ಗಿಡಿಯಬೇಡ್ರಿ. ಅಳತೆ ಇಷ್ಟೇ, ಮಲಗಿದ ಮೇಲೂ ಸೊಂಟದ ಕೆಳಗೆ ನಾಲ್ಕು ಬೆರಳು ದಪ್ಪ ಉಳೀಬೇಕು. ಇದೆಲ್ಲದರ ಮೇಲೆ ಕಂಬಳಿ ಹಾಸಿ, ನಮ್ಮ ಕಡೆ ಚಳ್ಳಕೆರೆ ಉಣ್ಣೆ ಕಂಬಳಿ ಇದ್ರೆ ಮೈಗೆ ಚುಚ್ಚಿದ್ರೂ ಅದನ್ನೇ ಹಾಸ್ರಿ.

ಹುಲ್ಲು ತುಂಬೋಕೆ ಮುಂಚೆ ಬಿಸಿಲಿಗೆ ಹರಡಿ, ಕೋಲಲ್ಲಿ ಕೆದಕಿ, ಆಮೇಲೆ ಮುಟ್ರಿ. ಬಣವೆ ಹುಲ್ಲಲ್ಲಿ ಚೇಳು, ಹಾವಿನ ಮರಿ ಇರೋದು ಸಾಮಾನ್ಯ, ಬರಿಗೈ ಹಾಕ್ಬೇಡ್ರಿ. ಬಿಡಿಬಿಡಿಯಾಗಿ ನೆಲಕ್ಕೆ ಹಾಸೋದು ಬೇಡ, ಚೀಲದಲ್ಲೇ ಇರ್ಲಿ.

ತಲೆಗೋ ಕಾಲಿಗೋ ಒಂದೇ ಕಡೆಯಿಂದ ಚಳಿ ಹೊಡೆಯುತ್ತೆ, ಗಾಳಿ ಬೀಸಿದಾಗ ಜಾಸ್ತಿ

ಊದಿನಕಡ್ಡಿ ಹಚ್ಚಿ ಹುಲ್ಲು ಪ್ಲಾಸ್ಟಿಕ್ಕಿಂದ ದೂರ ಹಿಡ್ಕೊಂಡು, ಗೋಡೆ ಉದ್ದಕ್ಕೂ ಕೆಳಗಿಂದ ಮೇಲಕ್ಕೆ ನಿಧಾನ ತಗೊಂಡು ಹೋಗ್ರಿ. ಹೊಗೆ ನೆಟ್ಟಗೆ ಮೇಲಕ್ಕೆ ಹೋಗ್ತಿದ್ರೆ ಅಲ್ಲಿ ತೊಂದರೆ ಇಲ್ಲ, ಒಳಮುಖ ಬಾಗಿದ್ರೆ ಅಲ್ಲಿಂದ ಗಾಳಿ ಬರ್ತೈತೆ. ಬೆಳಿಗ್ಗೆ ಹೊತ್ತು ಬಾಗಿಲು ಹಾಕಿ ಒಳಗೆ ಕತ್ತಲೇಲಿ ನಿಂತ್ರೆ ಬೆಳಕು ಎಲ್ಲೆಲ್ಲಿ ಇಣುಕುತ್ತೋ ಅದೂ ಒಂದು ಲೆಕ್ಕ. ತಗಡಿನ ಶೆಡ್ಡಲ್ಲಿ ಜನ ನೋಡದೆ ಬಿಡೋ ಜಾಗ ಅಂದ್ರೆ ಮೇಲಿನ ಶೀಟಿನ ಅಲೆಗಳ ಕೆಳಗಿನ ಸಂದು, ಗೋಡೆಗೂ ಶೀಟಿಗೂ ನಡುವೆ ಸಾಲಾಗಿ ಅರ್ಧಚಂದ್ರ ಆಕಾರದ ತೂತು ಇರ್ತಾವೆ ನೋಡ್ರಿ, ಒಂದೊಂದು ನೋಡಿದ್ರೆ ಏನೂ ಅನ್ಸಲ್ಲ, ಎಲ್ಲಾ ಸೇರ್ಸಿದ್ರೆ ಒಂದು ಕಿಟಕಿ ತೆಗೆದಿಟ್ಟಷ್ಟು ಆಗುತ್ತೆ.

ಗಾಳಿ ಬರೋ ದಿಕ್ಕಿನದ್ದು ಮೊದಲು ಮುಚ್ರಿ. ಮುಂಗಾರಲ್ಲಿ ಪಡುವಣ ಗಾಳಿ, ಚಳಿಗಾಲದಲ್ಲಿ ಮೂಡಣ ಗಾಳಿ, ಆದ್ರಿಂದ ಜುಲೈನಲ್ಲಿ ಸರಿ ಇದ್ದ ಗುಡ್ಲು ಡಿಸೆಂಬರ್‌ನಲ್ಲಿ ಕೈ ಕೊಡೋದು ಆಶ್ಚರ್ಯ ಅಲ್ಲ. ಚಿತ್ರದುರ್ಗದ ಗುಡ್ಡದ ಸಾಲಲ್ಲಿ ಗಾಳಿ ವಿದ್ಯುತ್ ಕಂಬ ಸುಮ್ನೆ ನಿಲ್ಸಿಲ್ಲ, ಅಲ್ಲಿ ಗಾಳಿ ಅಷ್ಟೈತೆ, ಗುಡ್ಡದ ಬದಿ ಇರೋರು ಈ ಕೆಲಸ ಎಲ್ಲಕ್ಕಿಂತ ಮೊದಲು ಮಾಡ್ರಿ. ಸಂದಿಗೆ ಹಳೇ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಕವರಲ್ಲಿ ಹಾಕಿ ತುರುಕಿದ್ರೆ ಸಾಕು, ಬರೀ ಬಟ್ಟೆ ತುರುಕಿದ್ರೆ ಮಳೆ ನೀರು ಹೀರ್ಕೊಂಡು ಒಳಗೆ ಇಳಿಸುತ್ತೆ. ಗೋಡೆ ಬುಡಕ್ಕೆ ಹೊರಗಡೆಯಿಂದ ಮಣ್ಣಿನ ಚೀಲ ಸಾಲಾಗಿ ಇಟ್ರೆ ಗಾಳಿನೂ ನಿಲ್ಲುತ್ತೆ, ಹರಿಯೋ ನೀರೂ ಆಚೆ ಹೋಗುತ್ತೆ.

ಆದ್ರೆ ಪೂರ್ತಿ ಮುಚ್ಚಬೇಡ್ರಿ. ಗಾಳಿಗೆ ಬೆನ್ನು ಹಾಕಿರೋ ಕಡೆ, ಮೇಲೆ ಒಂದು, ಎದುರು ಬದಿ ಕೆಳಗೆ ಒಂದು, ಅಂಗೈ ಅಗಲದ ಜಾಗ ತೆರೆದೇ ಇರ್ಬೇಕು. ಯಾಕೆ ಅನ್ನೋದು ಮುಂದೆ ಹನಿ ಬೀಳೋ ಭಾಗದಲ್ಲೂ, ಬೆಳಗಿನ ತಲೆನೋವಿನ ಭಾಗದಲ್ಲೂ ಗೊತ್ತಾಗುತ್ತೆ.

ಮಳೆ ಇಲ್ಲ, ಆದ್ರೂ ಬೆಳಗಿನ ಜಾವ ಮೇಲಿಂದ ಹನಿ ಬೀಳುತ್ತೆ, ಹೊದಿಕೆ ಒದ್ದೆ

ಶೀಟು ತೂತಾಗಿದೆ ಅಂತ ಎಂ-ಸೀಲ್ ತಂದು ಹಚ್ಚೋಕೆ ಮುಂಚೆ ಇದನ್ನ ಮಾಡ್ರಿ. ಹನಿ ಬೀಳೋ ಜಾಗ ಒರೆಸಿ ಒಣಗಿಸಿ, ಒಂದು ಅಂಗೈ ಅಗಲದ ಪ್ಲಾಸ್ಟಿಕ್ ತುಂಡನ್ನ ತಗಡಿನ ಒಳಮೈಗೆ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ. ಬೆಳಿಗ್ಗೆ ನೋಡಿದಾಗ ಪ್ಲಾಸ್ಟಿಕ್ಕಿನ ನಿಮ್ಮ ಕಡೆ ಮುಖದಲ್ಲಿ ನೀರು ಕೂತಿದ್ರೆ ಅದು ಒಳಗಿನ ಆವಿ, ನಿಮ್ಮ ಉಸಿರೇ ತಣ್ಣನೆ ತಗಡಿಗೆ ತಾಗಿ ನೀರಾಗಿದ್ದು. ಪ್ಲಾಸ್ಟಿಕ್ಕಿನ ಹಿಂದೆ, ತಗಡಿನ ಕಡೆ ನೀರು ನಿಂತಿದ್ರೆ ಅದು ಸೋರಿಕೆ. ಮೊಳೆ, ಸ್ಕ್ರೂ ಹೊಡೆದ ಕಡೆ ವಾಷರ್ ಸಡಿಲ ಆಗಿರುತ್ತೆ, ಮೊದಲು ಅಲ್ಲೇ ನೋಡ್ರಿ.

ಆವಿ ಆಗಿದ್ರೆ ಮುಚ್ಚಿದಷ್ಟೂ ಜಾಸ್ತಿ ಆಗುತ್ತೆ. ಐದಾರು ಜನ ಮಲಗೋ ಶೆಡ್ಡಲ್ಲಿ ಉಸಿರಲ್ಲೇ ಸುಮಾರು ನೀರು ಗಾಳಿಗೆ ಸೇರುತ್ತೆ, ಅದರ ಜೊತೆ ಒಳಗೇ ಒದ್ದೆ ಬಟ್ಟೆ ಒಣಹಾಕಿ, ಒಳಗೇ ಅನ್ನ ಬೇಯ್ಸಿದ್ರೆ ಕೇಳ್ಬೇಡ್ರಿ. ಬಟ್ಟೆ, ಅಡುಗೆ ಹೊರಗೆ ಹಾಕ್ರಿ, ಮೇಲಿನ ಕಿಂಡಿ ತೆಗೀರಿ. ಆಮೇಲೆ ತಗಡಿನ ಕೆಳಗೆ ಒಂದು ಗೇಣು ಬಿಟ್ಟು ಹಳೇ ಸೀರೆ ಅಥವಾ ಬೆಡ್‌ಶೀಟನ್ನ ಒಂದು ಕಡೆ ಇಳಿಜಾರಾಗಿ ಎಳೆದು ಕಟ್ರಿ, ಹನಿ ಬಿದ್ರೂ ಸೀರೆ ಮೇಲೆ ಜಾರಿ ಗೋಡೆ ಕಡೆ ಹೋಗುತ್ತೆ, ನಡುವಿನ ಗಾಳಿ ಪದರ ಚಳಿಯನ್ನೂ ತಡೆಯುತ್ತೆ. ಬೆಳಿಗ್ಗೆ ಬಿಚ್ಚಿ ಬಿಸಿಲಿಗೆ ಹಾಕೋದು ಮರೀಬೇಡ್ರಿ.

ಮೊದಲ ಎರಡು ಮೂರು ರಾತ್ರಿ ಬೆಚ್ಚಗಿತ್ತು, ಈಗ ಅದೇ ಸಾಮಾನು ಕೆಲಸ ಮಾಡ್ತಿಲ್ಲ

ಎರಡೇ ಕಾರಣ, ಒಂದಾ ಒದ್ದೆ ಆಗೈತೆ, ಇಲ್ಲಾ ಕುಗ್ಗೈತೆ. ಚೀಲ ಎತ್ತಿ ನೋಡ್ರಿ, ಮೊದಲಿಗಿಂತ ಭಾರ ಅನ್ಸಿದ್ರೆ ನೀರು ಕುಡಿದೈತೆ. ಮೂಗಿಗೆ ಮುಗ್ಗಲು ವಾಸನೆ ಬಂದ್ರೂ ಅದೇ. ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಜಾಸ್ತಿ ಸಲೀಸಾಗಿ ಬಿಸಿ ಸಾಗಿಸುತ್ತೆ, ಹಂಗಾಗಿ ಒದ್ದೆ ಹತ್ತಿ ಹಾಸಿಗೆ ಮೇಲೆ ಮಲಗೋದಕ್ಕಿಂತ ಹಾಸಿಗೆ ತೆಗೆದು ಒಣ ರಟ್ಟಿನ ಮೇಲೆ ಮಲಗೋದು ವಾಸಿ. ಹತ್ತಿ ಒದ್ದೆ ಆದ್ರೆ ಎಳೆ ಎಲ್ಲ ಅಂಟಿಕೊಂಡು ಹೋಗ್ತಾವೆ, ಉಣ್ಣೆ ಸ್ವಲ್ಪ ತೇವ ಆದ್ರೂ ಉಬ್ಬು ಬಿಡಲ್ಲ, ಕುರಿ ಕಾಯೋರು ಮಳೇಲಿ ಕಂಬಳಿ ಕೊಪ್ಪೆ ಹಾಕ್ಕೊಂಡು ನಿಲ್ಲೋದು ಅದೇ ಕಾರಣಕ್ಕೆ.

ಚಳ್ಳಕೆರೇಲಿ ಎಣ್ಣೆ ಮಿಲ್ಲುಗಳು ಇರೋದ್ರಿಂದ ಶೇಂಗಾ ಹೊಟ್ಟು ಕಮ್ಮಿ ರೇಟಿಗೆ ಸಿಗುತ್ತೆ, ಅದನ್ನ ತುಂಬೋರು ಇದಾರೆ. ಒಣಗಿದ್ರೆ ಒಳ್ಳೇದೇ. ಆದ್ರೆ ತೇವ ಆದ ಶೇಂಗಾ ಹೊಟ್ಟಿಗೆ ಬೂಷ್ಟು ಬೇಗ ಹಿಡಿಯುತ್ತೆ, ಆ ಧೂಳು ಉಬ್ಬಸ ಇರೋರಿಗೆ ಮಕ್ಕಳಿಗೆ ಒಳ್ಳೇದಲ್ಲ, ಗೆದ್ದಲು ಇಲಿನೂ ಬರ್ತಾವೆ. ಗೋಡೆ ಹೊರಗಡೆ ಚೀಲಕ್ಕೆ ತುಂಬಿ ಇಡ್ರಿ, ತಲೆ ಕೆಳಗೆ ಬೇಡ. ಬೂಷ್ಟು ಕಂಡಿದ್ದು ಹೊರಗೆ ಹಾಕ್ಬಿಡ್ರಿ, ಒಣಗಿಸಿ ಮತ್ತೆ ತರಬೇಡ್ರಿ.

ಕುಗ್ಗಿದ್ದಾದ್ರೆ ಸುಲಭ. ಚೀಲ ಬಿಚ್ಚಿ ಬಿಸಿಲಿಗೆ ಹರಡಿ, ಕೈಯಲ್ಲಿ ಬಿಡಿಸಿ, ಮತ್ತೆ ತುಂಬ್ರಿ. ಪೇಪರ್ ಆದ್ರೆ ಮಡಚಿ ಇಟ್ಟಿದ್ದು ಸಾಲಲ್ಲ, ಒಂದೊಂದು ಹಾಳೆ ಮುದುರಿ ಉಂಡೆ ಮಾಡಿ ತುಂಬಬೇಕು. ರಾತ್ರಿ ತಡೆಯೋಕಾಗದಷ್ಟು ಚಳಿ ಬಂದ್ರೆ ಒಳ ಅಂಗಿ ಮೇಲೆ, ಹೊರ ಅಂಗಿ ಒಳಗೆ ಮುದುರಿದ ಪೇಪರ್ ತುಂಬಿಕೊಂಡ್ರೆ ಎದೆ ಹೊಟ್ಟೆ ಬೆಚ್ಚಗಿರುತ್ತೆ, ನೋಡೋಕೆ ಹೆಂಗೇ ಇರ್ಲಿ ಅದು ನಿಜವಾಗಿ ಕೆಲಸ ಮಾಡುತ್ತೆ.

ಬೆಳ್ಳಿ ಬಣ್ಣದ ಶೀಟು ಅಂಟಿಸಿದ್ರೂ ಫರಕ್ಕೇ ಇಲ್ಲ

ಫಾಯಿಲ್ಲು, ಹೊಳೆಯೋ ಶೀಟು ಎದುರಿಗೆ ಖಾಲಿ ಜಾಗ ಇದ್ರೆ ಮಾತ್ರ ಬಿಸಿ ವಾಪಸ್ ಕಳಿಸುತ್ತೆ. ತಗಡಿಗೆ ಒಂದು ಬದಿ, ಬಟ್ಟೆಗೆ ಇನ್ನೊಂದು ಬದಿ ಅಂಟಿಕೊಂಡಿದ್ರೆ ಅದು ಬರೀ ಇನ್ನೊಂದು ಲೋಹದ ಪದರ. ನಡುವೆ ಎರಡು ಬೆರಳು ಜಾಗ ಬಿಡ್ರಿ. ಪಾರ್ಸೆಲ್ಲಲ್ಲಿ ಬರೋ ಗುಳ್ಳೆ ಪ್ಲಾಸ್ಟಿಕ್ ಇದ್ರೆ ಅದನ್ನ ನಡುವೆ ಇಟ್ರೆ ಆಯ್ತು.

ಬೆಳಿಗ್ಗೆ ಎದ್ರೆ ತಲೆನೋವು, ತಲೆಸುತ್ತು, ವಾಕರಿಕೆ, ಅದೂ ಒಬ್ಬರಿಗಿಂತ ಜಾಸ್ತಿ ಜನಕ್ಕೆ

ಇಲ್ಲಿ ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ, ಎಲ್ರೂ ಹೊರಗೆ ಬನ್ನಿ. ರಾತ್ರಿ ಒಳಗೆ ಕೆಂಡದ ಬಾಣಲೆ, ಇದ್ದಲು ಒಲೆ ಇಟ್ಟಿದ್ರೆ ಇದು ಕಾರ್ಬನ್ ಮೊನಾಕ್ಸೈಡ್ ವಿಷ ಆಗಿರೋ ಸಾಧ್ಯತೆ ತುಂಬಾ. ಹೊಗೆ ನಿಂತಿತ್ತಲ್ಲ, ಬರೀ ಕೆಂಡ ಇತ್ತಲ್ಲ ಅಂತಾರೆ, ಹೊಗೆ ಇಲ್ಲದ ಕೆಂಡದಿಂದಾನೇ ಆ ಅನಿಲ ಬರುತ್ತೆ, ಬಣ್ಣ ಇಲ್ಲ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತಗೊಳ್ಳುತ್ತೆ. ಹೊರಗೆ ಬಂದ ಮೇಲೆ ವಾಸಿ ಅನ್ಸೋದೇ ಅದರ ಗುರುತು. ವಾಸಿ ಆಯ್ತು ಅಂತ ಒಳಗೆ ವಾಪಸ್ ಹೋಗ್ಬೇಡ್ರಿ, 108ಕ್ಕೆ ಫೋನ್ ಮಾಡ್ರಿ, ಆಸ್ಪತ್ರೇಲಿ ಆಮ್ಲಜನಕ ಕೊಡ್ಬೇಕಾಗುತ್ತೆ. ಬಾಣಂತಿ ಕೋಣೆಗೆ ಕೆಂಡ ಇಡೋ ಪದ್ಧತಿ ಐತಲ್ಲ, ಪ್ಲಾಸ್ಟಿಕ್ ಹೊದಿಸಿದ ಶೆಡ್ಡಲ್ಲಿ ಅದನ್ನ ದಯವಿಟ್ಟು ಮಾಡ್ಬೇಡ್ರಿ, ಹಿರೇರು ಎಷ್ಟೇ ಹೇಳಿದ್ರೂ ಕೈ ಮುಗಿದು ಬೇಡ ಅನ್ನಿ. ಹಳೇ ಮನೇಲಿ ಗವಾಕ್ಷಿ ಇತ್ತು, ಹೆಂಚಿನ ಸಂದು ಇತ್ತು, ಇಲ್ಲಿ ಏನೂ ಇಲ್ಲ.

ಬೆಚ್ಚಗೆ ಬೇಕೇ ಬೇಕು ಅಂದ್ರೆ ಬಿಸಿ ನೀರು ತುಂಬಿದ ಸ್ಟೀಲ್ ಬಾಟಲಿ, ಮುಚ್ಚಳ ಗಟ್ಟಿ ಹಾಕಿ, ದಪ್ಪ ಟವೆಲ್ ಸುತ್ತಿ ಹೊದಿಕೆ ಒಳಗೆ ಇಡ್ರಿ. ಸಕ್ಕರೆ ಕಾಯಿಲೆ ಇರೋರ ಕಾಲಿಗೆ ಬೇಡ, ಅವರಿಗೆ ಸುಟ್ಟಿದ್ದು ಗೊತ್ತಾಗಲ್ಲ.

ನಡುಕ ನಿಲ್ತಿಲ್ಲ, ಇಲ್ಲಾ ಇದ್ದಕ್ಕಿದ್ದಂಗೆ ನಿಂತೋಯ್ತು

ನಮ್ಮ ಕಡೆ ಡಿಸೆಂಬರ್ ಜನವರಿ ರಾತ್ರಿ 15 ಡಿಗ್ರಿ ಆಸುಪಾಸು, ಇದರಲ್ಲಿ ಏನಾಗುತ್ತೆ ಅನ್ಕೋಬೇಡ್ರಿ. ಮೈ ಒದ್ದೆ, ಮೇಲೆ ಗಾಳಿ, ಹೊಟ್ಟೆ ಖಾಲಿ, ವಯಸ್ಸಾಗಿರೋರು ಅಥವಾ ಹಸುಗೂಸು ಅಂದ್ರೆ ಇಷ್ಟು ಚಳಿಯೇ ಸಾಕು. ಮೈ ಬಿಸಿ 35 ಡಿಗ್ರಿಗಿಂತ ಕೆಳಗೆ ಇಳಿದ್ರೆ ಅಪಾಯ. ನಡುಕ ಇದ್ದಾಗ ದೇಹ ಇನ್ನೂ ಹೋರಾಡ್ತೈತೆ. ಮೈ ಬೆಚ್ಚಗಾಗದೇನೇ ನಡುಕ ನಿಂತು, ಮಾತು ತೊದಲಿ, ಮಂಕಾಗಿ, ನಿದ್ದೆಗೆ ಜಾರ್ತಿದ್ರೆ ಅದು ಸುಧಾರಿಸಿದ್ದಲ್ಲ, ಕೆಟ್ಟಿದ್ದು. 108 ಕರೀರಿ. ಬರೋವರೆಗೆ ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಸುತ್ತಿ, ಕೆಳಗೂ ಹಾಸಿ, ಎದೆ ಹೊಟ್ಟೆ ಕುತ್ತಿಗೆ ತಲೆ ಮೊದಲು ಮುಚ್ರಿ. ಎಚ್ಚರ ಇದ್ದು ನುಂಗೋಕೆ ಆಗ್ತಿದ್ರೆ ಬೆಚ್ಚನೆ ಸಿಹಿ ಟೀ, ಇಲ್ಲಾ ಹಾಲು ಕೊಡ್ರಿ. ಕೈ ಕಾಲು ಗಸಗಸ ತಿಕ್ಕಬೇಡ್ರಿ, ಸಾರಾಯಿ ಅಂತೂ ಬೇಡವೇ ಬೇಡ, ಅದು ಬೆಚ್ಚಗಾದಂಗೆ ಅನ್ಸಿ ಮೈ ಬಿಸಿ ಇನ್ನೂ ಹೊರಗೆ ಬಿಡುತ್ತೆ.

ಕೂಸಿನ ಅಂಗೈ ಅಂಗಾಲು ಮಾತ್ರ ಅಲ್ಲ, ಹೊಟ್ಟೆ ಮುಟ್ಟಿ ನೋಡ್ರಿ. ಹೊಟ್ಟೆನೂ ತಣ್ಣಗಿದ್ದು ಹಾಲು ಕುಡೀತಿಲ್ಲ, ಅಳು ಸಣ್ಣಗೈತೆ ಅಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡ್ರಿ. ತಾಯಿ ಎದೆಗೆ ಬರಿ ಮೈಯಲ್ಲಿ ಅಪ್ಪಿಸಿ, ತಲೆಗೆ ಟೋಪಿ ಹಾಕಿ, ಮೂಗು ಬಾಯಿ ಬಿಟ್ಟು ಮೇಲಿಂದ ಹೊದಿಸಿ, ಹಂಗೇ ಆಸ್ಪತ್ರೆಗೆ ಹೊರಡ್ರಿ.

ಮಧ್ಯಾಹ್ನ ಒಳಗೆ ಕೂರೋಕಾಗಲ್ಲ, ತಲೆ ಮೇಲೆ ಕೆಂಡ ಇಟ್ಟಂಗೆ

ಮಾರ್ಚ್ ಬಂದ್ಮೇಲೆ ಇದೇ ಶೆಡ್ಡಿನ ಇನ್ನೊಂದು ಮುಖ. ಕೈಯನ್ನ ತಗಡಿಗೆ ತಾಗಿಸದೆ ಒಂದು ಗೇಣು ಕೆಳಗೆ ಹಿಡೀರಿ, ಝಳ ಹೊಡೆದ್ರೆ ತಗಡೇ ಬಿಸಿ ಸುರೀತೈತೆ, ಫ್ಯಾನ್ ಹಾಕಿದ್ರೆ ಪ್ರಯೋಜನ ಕಮ್ಮಿ. ಮೊದಲು ಹೊರಮೈಗೆ ಸುಣ್ಣ ಬಳೀರಿ, ಸ್ವಲ್ಪ ಫೆವಿಕಾಲ್ ಕಲಸಿದ್ರೆ ಬೇಗ ಉದುರಲ್ಲ, ಬಿಳಿ ಬಣ್ಣ ಬಿಸಿಲನ್ನ ವಾಪಸ್ ಎಸೆಯುತ್ತೆ. ಶೀಟಿನ ಮೇಲೆ ಹತ್ತಬೇಡ್ರಿ, ಏಣಿ ಮೇಲೆ ನಿಂತು ಉದ್ದ ಕೋಲಿಗೆ ಬ್ರಷ್ ಕಟ್ಟಿ ಬಳೀರಿ. ಅದೂ ಸಾಲದಿದ್ರೆ ಶೀಟಿನ ಮೇಲೆ ಒಂದು ಗೇಣು ಎತ್ತರಕ್ಕೆ ತೆಂಗಿನ ಗರಿ ಚಪ್ಪರ, ಗರಿ ಸೀದಾ ಶೀಟಿಗೆ ತಾಗಿದ್ರೆ ಅರ್ಧ ಲಾಭ ಹೋಯ್ತು, ನಡುವೆ ಗಾಳಿ ಆಡ್ಬೇಕು. ಒಳಗೆ ಚಳಿಗಾಲಕ್ಕೆ ಕಟ್ಟಿದ ಸೀರೆ ಹಂಗೇ ಇರ್ಲಿ, ಅದು ಝಳಕ್ಕೂ ಅಡ್ಡ. ಮೇಲಿನ ಕಿಂಡಿ ದೊಡ್ಡದು ಮಾಡ್ರಿ, ಬಿಸಿ ಗಾಳಿ ಅಲ್ಲಿಂದಾನೇ ಹೋಗೋದು.

ಯಾರಾದ್ರೂ ಮೈ ಕೆಂಡದಂಗೆ ಬಿಸಿಯಾಗಿ, ಏನೇನೋ ಮಾತಾಡ್ತಿದ್ರೆ, ಎಚ್ಚರ ತಪ್ಪಿದ್ರೆ, ನೆರಳಿಗೆ ತಂದು ಮೈಗೆ ನೀರು ಸುರಿದು ಗಾಳಿ ಬೀಸ್ತಾ 108ಕ್ಕೆ ಹೇಳ್ರಿ. ಎಚ್ಚರ ಇಲ್ಲದೋರ ಬಾಯಿಗೆ ನೀರು ಹಾಕ್ಬೇಡ್ರಿ.

ಗಾಳಿಗೆ ಶೀಟು ಏಳುತ್ತೆ, ಇಲ್ಲಾ ತಗಡು ಮುಟ್ಟಿದ್ರೆ ಜುಮ್ ಅನ್ನುತ್ತೆ

ಇಲ್ಲಿಗೆ ಮನೆ ಸಾಮಾನಿನ ಉಪಾಯ ಮುಗೀತು. ಶೀಟು ಪಟಪಟ ಬಡ್ಕೊಳ್ತಿದ್ರೆ ಮೇಲೆ ಕಲ್ಲು ಹೇರೋದು ಪರಿಹಾರ ಅಲ್ಲ, ಗಾಳಿ ಜೋರಾದ್ರೆ ಆ ಕಲ್ಲೇ ತಲೆ ಮೇಲೆ ಬರುತ್ತೆ. ಗಾಳಿ ಜೋರಿದ್ದಾಗ ಒಳಗೆ ಕೂರದೆ ಹತ್ರದ ಶಾಲೆನೋ ಸಮುದಾಯ ಭವನಾನೋ ಸೇರ್ಕೊಳ್ರಿ, ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಗೆ 1077 ಫೋನ್ ಮಾಡಿ ಹೇಳ್ರಿ, ಆಮೇಲೆ ಹಗಲಲ್ಲಿ ವೆಲ್ಡಿಂಗ್ ಗೊತ್ತಿರೋರನ್ನ ಕರ್ಸಿ ಕಂಬಕ್ಕೆ ಬಿಗಿ ಮಾಡ್ಸಿ.

ಜುಮ್ ಅಂದ್ರೆ ವೈರು ಎಲ್ಲೋ ತಗಡಿಗೆ ತಾಗೈತೆ. ಪಕ್ಕದ ಮನೆಯಿಂದ ಎಳೆದ ವೈರು ಶೀಟಿನ ಅಂಚಿಗೆ ಉಜ್ಜಿ ಸಿಪ್ಪೆ ಬಿಟ್ಟಿರುತ್ತೆ, ಅದರ ಮೇಲೆ ನಾವು ಕಟ್ಟಿದ ಒದ್ದೆ ಗೋಣಿಚೀಲ ಬೇರೆ. ಮಕ್ಕಳನ್ನ ದೂರ ಕಳ್ಸಿ, ಪಕ್ಕದ ಮನೇಲಿ ಮೇನ್ ಆಫ್ ಮಾಡ್ಸಿ, ವೈರು ಜಗ್ಗೋಕೆ ಹೋಗ್ಬೇಡ್ರಿ. ಲೈನ್‌ಮನ್ನೋ ಎಲೆಕ್ಟ್ರಿಷಿಯನ್ನೋ ಬಂದು ನೋಡಿ, ವೈರು ಪೈಪಿನೊಳಗೆ ಹಾಕಿ ಸರಿ ಐತೆ ಅನ್ನೋವರೆಗೂ ಆ ಶೆಡ್ಡಲ್ಲಿ ಯಾರೂ ಮಲಗೋದು ಬೇಡ.